ಏಟು ತಿಂದವರ ಮುಖ ನೋಡಿ

ಪ್ರಿಯ ಕಿರಿಯ ವಕೀಲ ಮಿತ್ರರೇ,

ಹೋದ ವಾರ ಪಿಂಚಣಿಯ ಒಂದು ಕಾಗದಕ್ಕೆಂದು ಕೋರ್ಟಿಗೆ ಬಂದವನು ಹಿಂದುಗಡೆಯ ಕ್ಯಾಂಟೀನಿನಲ್ಲಿ ಕೂತಿದ್ದೆ. ಪಕ್ಕದ ಟೇಬಲ್ಲಿನಲ್ಲಿ ನೀವು ಆರೇಳು ಜನ. ಕರಿ ಕೋಟುಗಳೆಲ್ಲ ಕುರ್ಚಿಯ ಬೆನ್ನಿಗೆ ಏರಿದ್ದವು. ಬೇಸಿಗೆ ರಜೆಗೆ ಇನ್ನು ಎಂಟೇ ದಿನ, ರಜೆಯಲ್ಲಿ ಏನು ನೋಡುವುದು ಎಂಬ ವ್ಯಾಜ್ಯ ನಡೆದಿತ್ತು. ಒಂದು ಪಕ್ಷಕ್ಕೆ ಫೈಟಿಂಗ್ ಸಿನಿಮಾ ಬೇಕು, ಇನ್ನೊಂದಕ್ಕೆ ಕೋರ್ಟು ಕಚೇರಿಯ ಸೀರಿಯಲ್ಲು. "ಎರಡಕ್ಕೂ ಎಲ್ಲಿಯ ಸಂಬಂಧ, ಒಂದರಲ್ಲಿ ಕೈ ಮಾತಾಡುತ್ತೆ, ಇನ್ನೊಂದರಲ್ಲಿ ಬಾಯಿ" ಅಂತ ಒಬ್ಬರು ತೀರ್ಪನ್ನೇ ಕೊಟ್ಟುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ನೀವು ತುಂಬ ಸಿನಿಮಾ ನೋಡಿದವರಂತೆ, ನಾಲ್ಕು ಹೆಸರು ಹೇಳಿ" ಅಂದಿರಿ.

ಕಾಫಿ ಆರುವುದರೊಳಗೆ ಹೇಳಿ ಮುಗಿಸುವ ವಿಷಯ ಅದಲ್ಲ. ಅದಕ್ಕೇ ಈ ಪತ್ರ. ಬಾರ್ ರೂಮಿನ ನೋಟಿಸ್ ಬೋರ್ಡಿಗೆ ಅಂಟಿಸಿದರೆ ನೀವ್ಯಾರೂ ಓದುವುದಿಲ್ಲ ಎಂದು ಅನುಭವದಿಂದ ಗೊತ್ತು. ಪತ್ರಿಕೆಯಲ್ಲಿ ಬಂದರೆ ನಿಮ್ಮ ಮನೆಯವರಾದರೂ ಓದಿ ಹೇಳಿಯಾರು.

ಮೊದಲು ನನ್ನ ಅರ್ಹತೆ. ಮೂವತ್ನಾಲ್ಕು ವರ್ಷ ನಾನು ಸಾಕ್ಷಿ ಹೇಳಿಕೆ ಟೈಪ್ ಮಾಡಿದವನು. ಮೊದಲು ರೆಮಿಂಗ್ಟನ್ ಯಂತ್ರ, ಆಮೇಲೆ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ. ನೀವು ಎದ್ದು ನಿಂತು ಪಾಟಿ ಸವಾಲು ಹಾಕುತ್ತೀರಿ, ಸಾಕ್ಷಿ ಏನೋ ಅನ್ನುತ್ತಾನೆ, ನ್ಯಾಯಾಧೀಶ ಸಾಹೇಬರು ಅದನ್ನು ಒಂದು ವಾಕ್ಯ ಮಾಡಿ ಹೇಳುತ್ತಾರೆ, ನಾನು ಬಡಿಯುತ್ತೇನೆ. ಆ ವಾಕ್ಯದಲ್ಲಿ ನಿಮ್ಮ ಪ್ರಶ್ನೆ ಇರುವುದಿಲ್ಲ, ಗಮನಿಸಿದ್ದೀರಾ? ಅರ್ಧ ಗಂಟೆ ನೀವು ಕಟಕಟೆಯ ಸುತ್ತ ಓಡಾಡಿ, ಕನ್ನಡಕ ತೆಗೆದು ಹಾಕಿ, ದನಿ ಏರಿಸಿ ಇಳಿಸಿ ಕೇಳಿದ್ದೆಲ್ಲ ಕೊನೆಗೆ ಸಾಕ್ಷಿಯ ಬಾಯಿಯ ಮಾತಾಗಿ ಕಾಗದದ ಮೇಲೆ ಕೂರುತ್ತದೆ: "ನಾನು ಆ ದಿನ ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ." "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಈ 'ಎಂದರೆ ಸರಿಯಲ್ಲ' ಎಂಬ ಎರಡು ಪದವನ್ನು ನಾನು ಎಷ್ಟು ಸಾವಿರ ಸಲ ಹೊಡೆದಿದ್ದೇನೋ, ಆ ಅಕ್ಷರಗಳ ಕೀಲಿಗಳು ಬೇರೆಯವಕ್ಕಿಂತ ಮೊದಲೇ ಸವೆಯುತ್ತಿದ್ದವು.

ಇದರಿಂದ ನನಗೊಂದು ಚಾಳಿ ಅಂಟಿತು. ಪ್ರಶ್ನೆ ಕೇಳುವವರನ್ನು ನಾನು ನೋಡುತ್ತಲೇ ಇರಲಿಲ್ಲ. ಉತ್ತರ ಕೊಡಬೇಕಾದವನ ಮುಖದ ಮೇಲೇ ಕಣ್ಣು. ಅವನ ಗಂಟಲು ಆಡಿತೇ, ಕೈ ಕಟಕಟೆಯ ಅಂಚು ಹಿಡಿಯಿತೇ, ಅಷ್ಟೇ. ಸಂಜೆ ಟೆಂಟಿಗೋ ಟಾಕೀಸಿಗೋ ಹೋದರೂ ಅದೇ ಚಾಳಿ: ಹೊಡೆಯುವ ಹೀರೋನನ್ನು ಬಿಟ್ಟು ಏಟು ತಿಂದವನನ್ನು ನೋಡುವುದು. ಹೀಗೆ ನೋಡುತ್ತ ನೋಡುತ್ತ ತಿಳಿದಿದ್ದು ಇಷ್ಟು: ಒಳ್ಳೆಯ ಫೈಟೂ ಒಳ್ಳೆಯ ಪಾಟಿ ಸವಾಲೂ ಒಂದೇ ಕಸುಬು. ಏಟು ಬಿದ್ದ ಮೇಲೆ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಲ್ಲಿ ಎರಡರ ಯೋಗ್ಯತೆಯೂ ಗೊತ್ತಾಗುತ್ತದೆ. ನನ್ನ ಶಿಫಾರಸುಗಳೆಲ್ಲ ಈ ಒಂದೇ ತಕ್ಕಡಿಯಲ್ಲಿ ತೂಗಿದವು.

ಫೈಟಿಂಗ್ ಪಕ್ಷದವರಿಗೆ ಮೊದಲ ಹೆಸರು, ಜಾಕಿ ಚಾನ್‌ನ 'ಪೊಲೀಸ್ ಸ್ಟೋರಿ', 1985. ನಮ್ಮ ಸಾಯಿಕುಮಾರ್ ಅವರ 1996ರ 'ಪೊಲೀಸ್ ಸ್ಟೋರಿ' ಅಲ್ಲ. ಅದನ್ನು ನಿರ್ದೇಶಿಸಿದವರು ಸಾಹಸ ನಿರ್ದೇಶಕ ಥ್ರಿಲ್ಲರ್ ಮಂಜು ಅವರೇ ಆದರೂ ಅದರಲ್ಲಿ ಏಟಿಗಿಂತ ಮಾತೇ ಜೋರು. ಹಾಂಗ್‌ಕಾಂಗಿನ ಈ ಚಿತ್ರದ ಕೊನೆಯ ಕಾಳಗ ನಡೆಯುವುದು ಒಂದು ದೊಡ್ಡ ಶಾಪಿಂಗ್ ಮಳಿಗೆಯಲ್ಲಿ. ಅಲ್ಲಿ ಎಷ್ಟು ಗಾಜು ಒಡೆಯಿತೆಂದರೆ ಚಿತ್ರತಂಡದವರು ಇದನ್ನು 'ಗ್ಲಾಸ್ ಸ್ಟೋರಿ' ಎಂದೇ ಕರೆಯುತ್ತಿದ್ದರಂತೆ. ನೋಡುವಾಗ ಒಂದು ಸಂಗತಿ ಹಿಡಿಯಿರಿ. ಜಾಕಿ ಒದೆಯುವುದು, ಎದುರಿನವನು ಗಾಜಿನ ಪೆಟ್ಟಿಗೆಯ ಮೇಲೆ ಬೀಳುವುದು, ಎರಡೂ ಒಂದೇ ಚೌಕಟ್ಟಿನೊಳಗೆ ಸಿಗುತ್ತವೆ. ನಮ್ಮ ಬಹಳಷ್ಟು ಚಿತ್ರಗಳಲ್ಲಿ ಗುದ್ದು ಒಂದು ಶಾಟ್, ಬೀಳುವುದು ಇನ್ನೊಂದು ಶಾಟ್, ನಡುವೆ ಒಂದು ಢಂ ಎಂಬ ಸದ್ದು. ಕೋರ್ಟಿನ ಭಾಷೆಯಲ್ಲಿ ಹೇಳುವುದಾದರೆ, ಕಾರ್ಯಕ್ಕೂ ಕಾರಣಕ್ಕೂ ಕೊಂಡಿಯನ್ನು ಅಭಿಯೋಜನೆ ಸಾಬೀತುಪಡಿಸಿಲ್ಲ. ಜಾಕಿಯ ಹತ್ತಿರ ಸಂಶಯದ ಲಾಭ ಯಾರಿಗೂ ಸಿಗುವುದಿಲ್ಲ.

ಅದೇ ಮಳಿಗೆಯಲ್ಲಿ ಕೊನೆಗೆ ಅವನು ಮಹಡಿಯ ಕಟಾಂಜನದಿಂದ ಹಾರಿ, ದೀಪದ ಸರ ಸುತ್ತಿದ ಕಂಬ ಹಿಡಿದು ಸರ್ರನೆ ಕೆಳಕ್ಕೆ ಜಾರುತ್ತಾನೆ. ಬಲ್ಬುಗಳು ಪಟಪಟ ಸಿಡಿಯುತ್ತವೆ. ಆ ಬಿಸಿಗೆ ಅವನ ಅಂಗೈ ನಿಜವಾಗಿಯೂ ಸುಟ್ಟವು. ಆ ಜಿಗಿತವನ್ನು ಬೇರೆ ಬೇರೆ ಕೋನದಿಂದ ಮತ್ತೆ ಮತ್ತೆ ತೋರಿಸುತ್ತಾರೆ, ಹೆಸರುಗಳು ಉರುಳುವಾಗ ಚಿತ್ರೀಕರಣದಲ್ಲಿ ಆದ ಗಾಯಗಳನ್ನೂ ತೋರಿಸುತ್ತಾರೆ. ನಾನು ನೋಡಿದ ಸಾಹಸ ಚಿತ್ರಗಳಲ್ಲಿ, ಏಟಿನ ಲೆಕ್ಕವನ್ನು ಪ್ರೇಕ್ಷಕರ ಮುಂದೆ ಹೀಗೆ ಬಿಚ್ಚಿಟ್ಟ ಪ್ರಾಮಾಣಿಕರು ಕಡಿಮೆ.

ಎರಡನೆಯದು 'ಡೈ ಹಾರ್ಡ್', 1988. ಇದನ್ನು ನೀವೆಲ್ಲ ನೋಡಿಯೇ ಇರುತ್ತೀರಿ, ಆದರೂ ಕಾಲು ನೋಡಲು ಇನ್ನೊಂದು ಸಲ ನೋಡಿ. ಲಾಸ್ ಏಂಜಲೀಸಿನ ಗಗನಚುಂಬಿಯಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ಸಿಕ್ಕಿಕೊಂಡ ಪೊಲೀಸ್ ಜಾನ್ ಮೆಕ್ಲೇನ್‌ನ ಕಾಲಲ್ಲಿ ಚಪ್ಪಲಿಯಿಲ್ಲ. ವಿಮಾನದಲ್ಲಿ ಪಕ್ಕ ಕೂತವನು, ಊರು ಮುಟ್ಟಿದ ಮೇಲೆ ಬರಿಗಾಲಲ್ಲಿ ಕಾರ್ಪೆಟ್ ಮೇಲೆ ನಿಂತು ಬೆರಳು ಮಡಚು, ಆಯಾಸ ಹೋಗುತ್ತೆ ಎಂದಿರುತ್ತಾನೆ. ಬಿಟ್ಟಿ ಸಲಹೆ ಕೇಳಿದ್ದರ ಫಲ! ಖಳನಾಯಕ ಹಾನ್ಸ್ ಗ್ರೂಬರ್ ಆ ಬರಿಗಾಲನ್ನು ಗಮನಿಸಿ, ಗಾಜಿಗೆ ಗುಂಡು ಹಾರಿಸಿ ಎನ್ನುತ್ತಾನೆ. ಆಮೇಲಿನ ದೃಶ್ಯವೇ ನನಗೆ ಇಡೀ ಚಿತ್ರ: ಶೌಚಾಲಯದಲ್ಲಿ ಕೂತು, ಪಾದದಿಂದ ಗಾಜಿನ ಚೂರು ಕೀಳುತ್ತ, ಮುಖವನ್ನೇ ಕಾಣದ ಒಬ್ಬ ಪೊಲೀಸಿನವನ ಜೊತೆ ವಾಕಿಟಾಕಿಯಲ್ಲಿ ಮಾತಾಡುವುದು. ಆ ಗಾಯ ಆಮೇಲೆ ವಾಸಿಯಾಗುವುದಿಲ್ಲ. ಚಿತ್ರ ಮುಗಿಯುವವರೆಗೂ ಕುಂಟುತ್ತಾನೆ. ಹಾನ್ಸ್ ಆಗಿ ನಟಿಸಿದ ಅಲನ್ ರಿಕ್‌ಮನ್‌ಗೆ ಅದು ಮೊದಲ ಸಿನಿಮಾ ಎಂದರೆ ನಂಬುವುದು ಕಷ್ಟ.

'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ದೊಡ್ಡ ಪರದೆಯ ಮೇಲೆ ಸಿಕ್ಕಿದರೆ ಮಾತ್ರ ನೋಡಿ. ಮೊಬೈಲಿನಲ್ಲಿ ಅದು ಬರೀ ದೂಳು.

ಕನ್ನಡದ್ದು ಹೇಳದೆ ಬಿಟ್ಟರೆ ನೀವು ಬಿಡುವುದಿಲ್ಲ. ನಮ್ಮಪ್ಪನ ಕಾಲಕ್ಕೆ 'ಜೇಡರ ಬಲೆ' ಇತ್ತು, 1968ರದು, ದೊರೈ-ಭಗವಾನ್ ನಿರ್ದೇಶನ. ರಾಜಕುಮಾರ್ ಸಿಐಡಿ 999. ಅದು ಏಟಿಗಿಂತ ಠೀವಿಯ ಸಿನಿಮಾ, ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನೋಡುವಂಥದ್ದು. ನನ್ನ ಕಾಲದ್ದು 'ಅಂತ', 1981, ಎಚ್.ಕೆ. ಅನಂತರಾವ್ ಅವರ ಕಾದಂಬರಿಯಿಂದ ರಾಜೇಂದ್ರಸಿಂಗ್ ಬಾಬು ಮಾಡಿದ್ದು. ಅಂಬರೀಶ್ ನಟಿಸಿದ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್, ಕನ್ವರ್‌ಲಾಲ್ ಎಂಬವನ ವೇಷದಲ್ಲಿ ದುಷ್ಟರ ಗುಂಪಿಗೆ ನುಗ್ಗುತ್ತಾನೆ, ಸಿಕ್ಕಿಬೀಳುತ್ತಾನೆ. ಅಲ್ಲಿಯ ಚಿತ್ರಹಿಂಸೆ ನೋಡಿ ನಮ್ಮೂರಿನ ಟಾಕೀಸಿನಲ್ಲಿ ಹೆಂಗಸರು ಸೆರಗು ಮುಖಕ್ಕೆ ಹಿಡಿದಿದ್ದರು. ಅಂಬರೀಶ್ ಅಂದರೆ ಹೊಡೆಯುವವರು ಎಂದುಕೊಂಡಿದ್ದೀರಿ. ಅಂಬರೀಶ್ ಅಷ್ಟು ದೊಡ್ಡ ನಟರಾದದ್ದು ಹೊಡೆಸಿಕೊಂಡು.

ಶಂಕರ್‌ನಾಗ್ ಅವರ 'ಮಿಂಚಿನ ಓಟ'ವನ್ನು ಫೈಟಿಂಗ್ ಸಿನಿಮಾ ಎನ್ನುವುದು ತಪ್ಪು, ಆದರೂ ನೋಡಿ, ಜೈಲಿನಿಂದ ಓಡುವುದು ಎಂದರೆ ಎಷ್ಟು ಸುಸ್ತಿನ ಕೆಲಸ ಅಂತ ತಿಳಿಯುತ್ತದೆ. 'ಓಂ' ಬಗ್ಗೆ ನಾನೇನು ಹೇಳಲಿ? 1995ರಿಂದ ನೂರಾರು ಸಲ ಮತ್ತೆ ಮತ್ತೆ ಬಿಡುಗಡೆಯಾದ ಚಿತ್ರಕ್ಕೆ ನಿವೃತ್ತ ಟೈಪಿಸ್ಟನ ಶಿಫಾರಸು ಯಾತಕ್ಕೆ? ಉಪೇಂದ್ರ ಅದರಲ್ಲಿ ನಿಜವಾದ ರೌಡಿಗಳನ್ನೇ ತಂದು ನಿಲ್ಲಿಸಿದರು. ನಾನು ಕೋರ್ಟಿನಲ್ಲಿ ಅಂಥವರನ್ನು ಆರೋಪಿಯ ಕಟಕಟೆಯಲ್ಲಿ ಕಂಡವನಾದ್ದರಿಂದ ಹೇಳುತ್ತೇನೆ, ಪರದೆಯ ಮೇಲೆ ಅವರ ಕಣ್ಣಿನ ದಣಿವು ಸುಳ್ಳಲ್ಲ.

'ಕೆಜಿಎಫ್' ವಿಷಯದಲ್ಲಿ ನಿಮಗೂ ನನಗೂ ಜಗಳ ಆಗುತ್ತದೆ, ಆಗಲಿ. 2018ರ ಮೊದಲ ಭಾಗಕ್ಕೆ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿಯೇ ಬಂತು, ಹೆಮ್ಮೆ ನನಗೂ ಇದೆ. ಆದರೆ ನನ್ನ ತಕ್ಕಡಿ ಬೇರೆ. ಅಲ್ಲಿ ಏಟು ತಿಂದವನು ಗಾಳಿಯಲ್ಲಿ ಹಾರಿ ಹೋಗುತ್ತಾನೆ, ಎಲ್ಲಿ ಬಿದ್ದ, ಏನಾದ, ಅವನ ಮನೆಯವರು ಎಲ್ಲಿ ಹುಡುಕಿದರು ಅಂತ ಕೇಳುವವರಿಲ್ಲ. ಆ ಚಿತ್ರದಲ್ಲಿ ನನಗೆ ಉಳಿದದ್ದು ಗಣಿಯ ದೂಳು ಮೆತ್ತಿದ ಜೀತದವರ ಮುಖಗಳು. ಅದಕ್ಕಿಂತ ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ' ನನಗೆ ಹತ್ತಿರ. ಮಂಗಳೂರಿನ ಬೀದಿ. ಕೊಲೆ ಮಾಡಿ ಬಂದ ಶಿವ ಹುಲಿವೇಷದ ಹೆಜ್ಜೆ ಹಾಕುತ್ತಾನೆ. ಹೊಡೆದವನೂ ಏಟು ತಿಂದವನೇ ಎಂದು ಆ ಕುಣಿತ ನೋಡಿದಾಗ ಹೊಳೆಯುತ್ತದೆ. ಎದೆ ಗಟ್ಟಿಯಿದ್ದವರು ಮಾತ್ರ ನೋಡಿ.

ಇನ್ನು 'ಶೋಲೆ'. ನಮ್ಮ ರಾಮನಗರದ ಬಂಡೆಗಳ ನಡುವೆ ಊರನ್ನೇ ಕಟ್ಟಿ ತೆಗೆದದ್ದು, 1975ರ ಆಗಸ್ಟ್ 15ಕ್ಕೆ ಬಿಡುಗಡೆ. ಅದರ ಹಾಡು, ಮಾತು, ನಾಣ್ಯ, ಎಲ್ಲ ಬಿಡಿ. ವಕೀಲರಾದ ನೀವು ನೋಡಬೇಕಾದ್ದು ಅದರ ಕೊನೆ. ಠಾಕೂರ್ ಮಾಜಿ ಪೊಲೀಸ್ ಅಧಿಕಾರಿ, ಡಕಾಯಿತ ಗಬ್ಬರ್ ಅವನ ಎರಡೂ ಕೈ ಕತ್ತರಿಸಿದ್ದಾನೆ. ಕೊನೆಯಲ್ಲಿ ಠಾಕೂರ್ ಮೊಳೆ ಹೊಡೆದ ಬೂಟಿನಿಂದ ಗಬ್ಬರ್‌ನನ್ನು ತುಳಿಯುತ್ತಾನೆ, ಇನ್ನೇನು ಮುಗಿಸಬೇಕು, ಪೊಲೀಸರು ಬಂದು ತಡೆಯುತ್ತಾರೆ. ನಾವೆಲ್ಲ ನೋಡಿದ್ದು ಇದನ್ನೇ. ನಿರ್ದೇಶಕ ರಮೇಶ್ ಸಿಪ್ಪಿ ಮೊದಲು ತೆಗೆದದ್ದು ಇದಲ್ಲ. ಅದರಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಂದೇಬಿಡುತ್ತಾನೆ. ತುರ್ತು ಪರಿಸ್ಥಿತಿಯ ದಿನಗಳು, ಸೆನ್ಸಾರ್‌ನವರು ಒಪ್ಪಲಿಲ್ಲ. ಪೊಲೀಸ್ ಆಗಿದ್ದವನು ಕಾನೂನನ್ನು ಕೈಗೆ ತೆಗೆದುಕೊಳ್ಳಬಾರದು. ಕೈಯೇ ಇಲ್ಲದವನಿಗೆ ಈ ಮಾತು! ಕೊನೆಯನ್ನು ಮತ್ತೆ ಚಿತ್ರೀಕರಿಸಿದರು.

ಮೊದಲಿನ ಅಂತ್ಯವೂ ಈಗ ನೋಡಲು ಸಿಗುತ್ತದೆ. ಎರಡನ್ನೂ ಒಂದಾದ ಮೇಲೊಂದು ನೋಡಿ. ಕೊಂದ ಮೇಲೆ ಠಾಕೂರ್ ಗೆದ್ದವನ ಹಾಗೆ ನಿಲ್ಲುವುದಿಲ್ಲ, ಕುಸಿದು ಅಳುತ್ತಾನೆ. ಪೊಲೀಸರು ಬರುವ ಅಂತ್ಯದಲ್ಲಿ ಕಾನೂನು ಗೆಲ್ಲುತ್ತದೆ ನಿಜ, ಆದರೆ ಆ ಅಳು ಬಡವಾಗುತ್ತದೆ. ಕಾನೂನನ್ನು ಎತ್ತಿಹಿಡಿಯಲು ಹೋಗಿ, ಕಾನೂನು ಮುರಿದವನಿಗೆ ಒಳಗೆ ಏನಾಗುತ್ತದೆ ಎಂಬುದನ್ನೇ ಕತ್ತರಿಸಿದರು. ಇದು ತೀರ್ಪಲ್ಲ, ನನ್ನ ಅಭಿಪ್ರಾಯ. ನಿಮ್ಮ ಎರಡು ಪಕ್ಷಗಳೂ ಒಟ್ಟಿಗೆ ಕೂತು ನೋಡಬಹುದಾದ ಸಿನಿಮಾ ಇದೊಂದೇ, ಆದ್ದರಿಂದ ಇಲ್ಲಿಂದ ಎರಡನೆಯ ಪಕ್ಷದ ಕಡೆಗೆ ಬರುತ್ತೇನೆ.

ಕೋರ್ಟ್ ಸೀರಿಯಲ್ ನೋಡುವ ಮೊದಲು ಎರಡು ಮಾತು ಮರೆಯಬೇಡಿ, ಕಕ್ಷಿದಾರರಿಗೂ ಹೇಳಿಬಿಡಿ. ನಮ್ಮ ನ್ಯಾಯಾಧೀಶರ ಮೇಜಿನ ಮೇಲೆ ಮರದ ಸುತ್ತಿಗೆ ಇರುವುದಿಲ್ಲ. ಭಗವದ್ಗೀತೆಯ ಮೇಲೆ ಕೈ ಇಡಿಸುವ ಪದ್ಧತಿಯೂ ಇಲ್ಲ, 1969ರ ಪ್ರಮಾಣ ವಚನ ಕಾಯ್ದೆಯ ಪ್ರಕಾರ ದೇವರ ಹೆಸರಿನಲ್ಲಿ ಹೇಳಬಹುದು, ಇಲ್ಲವೇ ಸತ್ಯವಾಗಿ ಹೇಳುತ್ತೇನೆಂದು ದೃಢೀಕರಿಸಬಹುದು. ಒಬ್ಬ ಅಜ್ಜಿ ಕಟಕಟೆ ಹತ್ತಿ, "ಪುಸ್ತಕ ಎಲ್ಲಪ್ಪ? ಕೈ ತೊಳಕೊಂಡು ಬಂದಿದೀನಿ" ಅಂತ ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಸಿನಿಮಾದವರ ಸಾಲ ಅಜ್ಜಿಯ ಮೇಲೆ ಬಿತ್ತು.

'ಪೆರಿ ಮೇಸನ್' ಹಳೆಯದು, 1957ರಿಂದ 1966, ಒಟ್ಟು 271 ಕಂತು. ಮೂಲ ಕತೆಗಾರ ಅರ್ಲ್ ಸ್ಟ್ಯಾನ್ಲಿ ಗಾರ್ಡ್‌ನರ್ ಸ್ವತಃ ವಕೀಲ. ಅವನ ಕಾದಂಬರಿಗಳನ್ನು ನಾನು ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಅರ್ಧ ಬೆಲೆಗೆ ಕೊಂಡು ಇಂಗ್ಲಿಷ್ ಕಲಿತವನು, ಋಣ ಇದೆ. ಆದರೂ ಸತ್ಯ ಹೇಳಬೇಕು. ಅಲ್ಲಿ ಪ್ರತಿ ಸಲ ಸವಾಲಿನ ಒತ್ತಡಕ್ಕೆ ಯಾರೋ ಒಬ್ಬರು ಕೋರ್ಟಿನಲ್ಲೇ ಒಡೆದು, ಹೌದು, ನಾನೇ ಕೊಂದೆ ಎನ್ನುತ್ತಾರೆ. ನನ್ನ ಮೂವತ್ನಾಲ್ಕು ವರ್ಷದಲ್ಲಿ ಹಾಗೆ ಅಂದವರು ಒಬ್ಬರೂ ಇಲ್ಲ. ಮೇಸನ್ ಸೋತ ಬೆರಳೆಣಿಕೆಯ ಪ್ರಕರಣಗಳಲ್ಲಿ ಒಂದರ ಹೆಸರು 'ಹೆದರಿದ ಟೈಪಿಸ್ಟ್ ಪ್ರಕರಣ' ಎಂಬುದು ನನ್ನ ಖಾಸಗಿ ಸಂತೋಷ. ಆ ಸೋಲನ್ನೂ ಕೊನೆಯಲ್ಲಿ ತಿರುಗಿಸಿಬಿಡುತ್ತಾರೆ, ಬಿಡಿ.

ನನ್ನ ಮನಸ್ಸಿಗೆ ಹತ್ತಿರದವನು ರಂಪೋಲ್. 'ರಂಪೋಲ್ ಆಫ್ ದಿ ಬೇಲಿ' ಲಂಡನ್ನಿನದು, 1978ರಿಂದ 1992ರವರೆಗೆ ಬಿಟ್ಟು ಬಿಟ್ಟು ಬಂತು. ಬರೆದ ಜಾನ್ ಮಾರ್ಟಿಮರ್ ಕೂಡ ವಕೀಲರೇ. ದಪ್ಪ ಹೊಟ್ಟೆ, ಅಗ್ಗದ ವೈನ್, ಬೂದಿ ಉದುರಿದ ಕೋಟು. ಹಿರಿಯ ವಕೀಲ ಎಂಬ ಪದವಿ ಅವನಿಗೆ ಸಿಗುವುದಿಲ್ಲ, ಅಭಿಯೋಜನೆಯ ಪರ ಅವನು ನಿಲ್ಲುವುದಿಲ್ಲ, ತಪ್ಪೊಪ್ಪಿಗೆ ಕೊಡಿಸುವುದೆಂದರೆ ಅವನಿಗಾಗದು. ಟಿಮ್ಸನ್ ಎಂಬ ಚಿಲ್ಲರೆ ಕಳ್ಳರ ಮನೆತನವೊಂದು ಅವನ ಖಾಯಂ ಕಕ್ಷಿದಾರರು. ನಮ್ಮ ತಾಲ್ಲೂಕಿನಲ್ಲೂ ಅಂಥ ಒಂದು ಮನೆತನವಿದೆ, ಹೆಸರು ಹೇಳಲಾರೆ, ನಿಮಗೆ ಗೊತ್ತು, ಅವರಿಂದಲೇ ನಿಮ್ಮಲ್ಲಿ ಇಬ್ಬರ ಬಾಡಿಗೆ ನಡೆಯುತ್ತಿದೆ. ಅವರನ್ನು ಮರ್ಯಾದೆಯಿಂದ ಮಾತಾಡಿಸುವುದು ಹೇಗೆಂದು ರಂಪೋಲ್‌ನಿಂದ ಕಲಿಯಿರಿ. ಲಿಯೋ ಮೆಕರ್ನ್ ಆ ಪಾತ್ರವನ್ನು ನಟಿಸಿದರು ಎನ್ನುವುದಕ್ಕಿಂತ ಅದರೊಳಗೆ ವಾಸ ಮಾಡಿದರು ಎನ್ನಬೇಕು.

ನಮ್ಮಲ್ಲಿ ಟಿ.ಎನ್. ಸೀತಾರಾಮ್ ಇದ್ದಾರೆ, ಬೇರೆಯವರನ್ನು ಹುಡುಕಬೇಕಿಲ್ಲ. 1998ರ 'ಮಾಯಾಮೃಗ'ವನ್ನು ಅವರು ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಂದಿಗೆ ಮಾಡಿದರು, ಆಮೇಲೆ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ', 2018ರಲ್ಲಿ 'ಮಗಳು ಜಾನಕಿ'. ಸಿ.ಎಸ್.ಪಿ. ಎಂಬ ವಕೀಲರಾಗಿ ಅವರೇ ಕೋರ್ಟಿಗೆ ಇಳಿದ ದಿನ ನಮ್ಮ ಕಚೇರಿಯಲ್ಲಿ ಮರುದಿನ ಬೆಳಿಗ್ಗೆ ಅದೇ ಚರ್ಚೆ. ಶಿರಸ್ತೇದಾರರು ಒಂದು ಪಕ್ಷ, ಅಮೀನರು ಒಂದು ಪಕ್ಷ. ಆ ಸವಾಲುಗಳು ನಿಜವಾದ ಕೋರ್ಟಿನಲ್ಲಿ ಹಾಗೆ ನಡೆಯುವುದಿಲ್ಲ, ಎದುರು ವಕೀಲರು ಹತ್ತು ಸಲ ಆಕ್ಷೇಪಣೆ ಎತ್ತುತ್ತಾರೆ. ಆದರೂ ನೋಡಿ ಎನ್ನುವುದು ಸಾಕ್ಷಿಗಳಿಗಾಗಿ. ಸೀತಾರಾಮ್ ಅವರ ಕಟಕಟೆಗೆ ಬರುವವರು ಮಧ್ಯಮ ವರ್ಗದ, ಮಾನಕ್ಕೆ ಅಂಜುವ ಜನ. ಪ್ರಶ್ನೆ ಬಿದ್ದ ಮೇಲೆ ಅವರು ಸುಮ್ಮನಾಗುವ ಕ್ಷಣಕ್ಕೆ ಕಾಯುವಷ್ಟು ತಾಳ್ಮೆ ಆ ಧಾರಾವಾಹಿಗಳಿಗೆ ಇತ್ತು. ಒಂದು ವಿಚಾರಣೆ ದಿನಗಟ್ಟಲೆ ನಡೆದರೂ ಜನ ಟಿವಿ ಆರಿಸುತ್ತಿರಲಿಲ್ಲ.

ಹಿಂದಿಯಲ್ಲಿ 'ಕ್ರಿಮಿನಲ್ ಜಸ್ಟಿಸ್' ಇದೆ, ಪಂಕಜ್ ತ್ರಿಪಾಠಿಯವರ ಮಾಧವ್ ಮಿಶ್ರಾ ಖುಷಿ ಕೊಡುತ್ತಾನೆ. 'ಗಿಲ್ಟಿ ಮೈಂಡ್ಸ್' ಕಾನೂನಿನ ಅಂಶಗಳಲ್ಲಿ ಅಚ್ಚುಕಟ್ಟು, ಮನೆ ಕತೆ ಬಂದಾಗ ಎದ್ದು ಚಹಾ ಮಾಡಿಕೊಂಡು ಬರಬಹುದು. ರವಿಚಂದ್ರನ್, ಅನಂತ್‌ನಾಗ್ ಇದ್ದ 'ದಶಮುಖ' ನೋಡಿದವರು ಅದರ ಮೂಲ 'ಟ್ವೆಲ್ವ್ ಆಂಗ್ರಿ ಮೆನ್' ನೋಡಿ. ಅದು ಹುಟ್ಟಿದ್ದು 1954ರಲ್ಲಿ ಟೆಲಿವಿಷನ್ ನಾಟಕವಾಗಿ, ಸಿನಿಮಾ ಆದದ್ದು ಮೂರು ವರ್ಷದ ಮೇಲೆ. ಒಂದು ಕೋಣೆ, ಹನ್ನೆರಡು ಗಂಡಸರು, ಸೆಕೆ. ಒಂದು ಕೆನ್ನೆಗೂ ಏಟು ಬೀಳುವುದಿಲ್ಲ, ಆದರೆ ಕೊನೆಗೆ ಮಗನ ಫೋಟೋ ಹರಿದು ಮೇಜಿನ ಮೇಲೆ ಬಾಗುವ ಆ ಮೂರನೆಯ ಜೂರಿ ಸದಸ್ಯನಷ್ಟು ಏಟು ತಿಂದವನನ್ನು ನಾನು ಯಾವ ಫೈಟಿಂಗ್ ಸಿನಿಮಾದಲ್ಲೂ ಕಂಡಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಹೆಸರು: 'ಬೆಟರ್ ಕಾಲ್ ಸಾಲ್'. 2015ರಿಂದ 2022, ಆರು ಸೀಸನ್. ಮಗಳು ಫೋನಿನಲ್ಲಿ ಹಾಕಿಕೊಟ್ಟಳು, ಮೊದಲ ವಾರವೆಲ್ಲ ಬೈದುಕೊಂಡೇ ನೋಡಿದೆ, ಎರಡನೆಯ ವಾರ ಬಿಡಲಾಗಲಿಲ್ಲ. ಅಮೆರಿಕದ ಆಲ್ಬಕರ್ಕಿ ಎಂಬ ಊರು. ಜಿಮ್ಮಿ ಮೆಗಿಲ್ ಅಂಚೆ ಮೂಲಕ ಕಾನೂನು ಓದಿ ವಕೀಲನಾದವನು. ಉಗುರಿಗೆ ಬಣ್ಣ ಹಚ್ಚುವ ಅಂಗಡಿಯ ಹಿಂದಿನ ಗೂಡೇ ಅವನ ಆಫೀಸು. ಬಡ ಆರೋಪಿಗಳ ಪರ ನಿಂತರೆ ಒಂದು ಕೇಸಿಗೆ 700 ಡಾಲರ್, ಅದನ್ನೂ ಕೊಡಲು ಸತಾಯಿಸುತ್ತಾರೆ. ಕೋರ್ಟಿನ ಪಾರ್ಕಿಂಗ್ ಗೇಟಿನಲ್ಲಿ ಸ್ಟಿಕರ್ ಕಡಿಮೆಯಾಯಿತೆಂದು ದಿನಾ ಜಗಳ. ಹೊಸ ವಕೀಲರ ಬದುಕು ಇಷ್ಟು ಸರಿಯಾಗಿ ಎಲ್ಲೂ ಬಂದಿಲ್ಲ ಎಂದು ನಿಮ್ಮನ್ನು ನೋಡಿದ ಕಣ್ಣಿನಿಂದಲೇ ಹೇಳುತ್ತೇನೆ.

ಮೂರನೆಯ ಸೀಸನ್ನಿನ ಐದನೆಯ ಕಂತು, ಹೆಸರು 'ಚಿಕೇನರಿ'. ಜಿಮ್ಮಿಯ ಅಣ್ಣ ಚಕ್ ದೊಡ್ಡ ವಕೀಲ, ಊರಿಗೇ ಗೌರವ. ತನಗೆ ವಿದ್ಯುತ್ ಸೋಕಿದರೆ ಮೈ ಉರಿಯುವ ಕಾಯಿಲೆ ಎಂದು ನಂಬಿ ಕತ್ತಲ ಮನೆಯಲ್ಲಿ ಬದುಕುತ್ತಿದ್ದಾನೆ. ತಮ್ಮನ ಸನ್ನದು ಕಿತ್ತುಕೊಳ್ಳಲು ಶಿಸ್ತು ವಿಚಾರಣೆ. ಸಾಕ್ಷಿ ಅಣ್ಣ, ಪಾಟಿ ಸವಾಲು ತಮ್ಮನದೇ. ಅಣ್ಣನಿಗೋಸ್ಕರ ಕೋಣೆಯ ದೀಪ ಆರಿಸಿದ್ದಾರೆ, ಎಲ್ಲರ ಫೋನು ಹೊರಗಿವೆ. ತಮ್ಮ ಜೇಬಿನಿಂದ ತನ್ನ ಫೋನು ತೆಗೆಯುತ್ತಾನೆ. ಅಣ್ಣ ನಗುತ್ತಾನೆ, ಅದರಲ್ಲಿ ಬ್ಯಾಟರಿ ಇಲ್ಲ ಎಂದು ಹಿಡಿದುಬಿಡುತ್ತಾನೆ. ಗೆದ್ದೆನೆಂಬ ನಗು. ಆಗ ತಮ್ಮ ಮೆಲ್ಲಗೆ, ನಿನ್ನ ಎದೆಯ ಜೇಬು ನೋಡು ಎನ್ನುತ್ತಾನೆ. ಬ್ಯಾಟರಿ ಅಲ್ಲಿದೆ, ಪೂರಾ ಚಾರ್ಜ್ ಆದದ್ದು. ಮೆಟ್ಟಿಲಲ್ಲಿ ಡಿಕ್ಕಿ ಹೊಡೆದವನೊಬ್ಬ ಹಾಕಿ ಹೋಗಿದ್ದಾನೆ. ಒಂದು ಗಂಟೆ ನಲವತ್ತಮೂರು ನಿಮಿಷ ಅದು ಅಣ್ಣನ ಎದೆಗೆ ಒತ್ತಿಕೊಂಡೇ ಇತ್ತು, ಅವನಿಗೆ ಏನೂ ಆಗಿಲ್ಲ.

ಇಲ್ಲಿಂದ ಮುಂದೆ ಜಿಮ್ಮಿ ಒಂದೂ ಪ್ರಶ್ನೆ ಕೇಳುವುದಿಲ್ಲ. ಅದನ್ನೇ ನೋಡಿ. ಅಣ್ಣ ತಾನಾಗಿಯೇ ಮಾತಿಗೆ ಬೀಳುತ್ತಾನೆ. ಬಾಲ್ಯದಿಂದ ಎದೆಯಲ್ಲಿಟ್ಟುಕೊಂಡ ಹೊಟ್ಟೆಕಿಚ್ಚೆಲ್ಲ ಕಾರಿಕೊಳ್ಳುತ್ತಾನೆ. ಕ್ಯಾಮೆರಾ ಅವನ ಮುಖದ ಕಡೆಗೆ ಇರುವೆಯಂತೆ ಹರಿಯುತ್ತದೆ. ಮಾತು ನಿಂತಾಗ ಅವನಿಗೇ ಅರಿವಾಗುತ್ತದೆ, ಮಂಡಳಿಯವರೂ ಬಿಟ್ಟುಹೋದ ಹೆಂಡತಿಯೂ ತನ್ನನ್ನೇ ನೋಡುತ್ತಿದ್ದಾರೆ ಎಂದು. ಗೆದ್ದ ತಮ್ಮನ ಮುಖದಲ್ಲಿ ಸಂತೋಷ ಇಲ್ಲ. ಕೊನೆಗೆ ಬಾಗಿಲ ಮೇಲಿನ ಕೆಂಪು 'ಹೊರಗೆ' ದೀಪದ ಗುಂಯ್ ಸದ್ದು. ಮೈಕಲ್ ಮೆಕೀನ್ ಆ ಅಣ್ಣ. ಆ ಕಂತು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಯಾಕೆಂದರೆ ಅಂಥ ಒಂದು ನಿಶ್ಶಬ್ದವನ್ನು ನಾನು ಕೋರ್ಟಿನಲ್ಲಿ ಒಮ್ಮೆ ಕೇಳಿದ್ದೆ.

ಬದುವಿನ ವ್ಯಾಜ್ಯ. ವಾದಿ ಎಪ್ಪತ್ತು ದಾಟಿದ ರೈತ. ಪ್ರತಿವಾದಿಯ ವಕೀಲರು ಒಳ್ಳೆಯ ಹೆಸರಿದ್ದವರು, ಈಗ ಇಲ್ಲ. ಹದ್ದುಬಸ್ತು ಮಾಡಿಸಿಲ್ಲ ಎಂದರೆ ಸರಿ, ನಕ್ಷೆ ಇಲ್ಲ ಎಂದರೆ ಸರಿ, ಫೋಟೋ ಇಲ್ಲ ಎಂದರೆ ಸರಿ. ನಾನು ಸಾಲು ಸಾಲಾಗಿ ಬಡಿಯುತ್ತಿದ್ದೆ, ಕೇಸು ಮುಗಿದ ಹಾಗೇ. ಅವರು ಕೂತುಬಿಡಬೇಕಿತ್ತು. ಕೂರಲಿಲ್ಲ. "ಯಾವ ದಾಖಲೆಯೂ ಇಲ್ಲದೆ ಆ ಹೊಂಗೆ ಮರ ನಿಮ್ಮ ಹೊಲದ್ದು ಅಂತ ಅದು ಹೇಗ್ರಿ ಹೇಳ್ತೀರಿ?" ಅಂದರು, ಗ್ಯಾಲರಿ ಕಡೆ ನೋಡಿ. ಮುದುಕ ಹೇಳಿದ: "ಅದರ ಬುಡದಲ್ಲಿ ನನ್ನ ತಮ್ಮನ್ನ ಮಣ್ಣು ಮಾಡಿದೀವಿ ಸ್ವಾಮಿ. ಮೂರು ವರ್ಷದ ಮಗು. ಬೇರೆಯವರ ಹೊಲದಲ್ಲಿ ಹೂಳ್ತಾರ?"

ಸಾಹೇಬರು ಏನೂ ಹೇಳಲಿಲ್ಲ. ನನ್ನ ಬೆರಳು ಕೀಲಿಗಳ ಮೇಲೆ ಹಾಗೇ ಇದ್ದವು. ಫ್ಯಾನು ತಿರುಗುತ್ತಿತ್ತು. ಆಮೇಲೆ ಸಾಹೇಬರು ಮೆಲ್ಲಗೆ, ಬರೆದುಕೊಳ್ಳಿ ಅಂದರು. "ಸದರಿ ಹೊಂಗೆ ಮರದ ಬುಡದಲ್ಲಿ ನನ್ನ ತಮ್ಮನನ್ನು ಹೂಳಿರುತ್ತದೆ." ಅಷ್ಟೇ ಸಾಲು. ಕೇಸು ಮುಂದೆ ರಾಜಿಯಾಯಿತು. ಆ ದಿನ ನಾನು ಚಾಳಿ ಬಿಟ್ಟು ಪ್ರಶ್ನೆ ಕೇಳಿದವರ ಮುಖ ನೋಡಿದೆ. ಏಟು ಅಲ್ಲಿ ಬಿದ್ದಿತ್ತು.

ಕೊನೆಯದಾಗಿ ಒಂದು ಸಿನಿಮಾ, ಟಿವಿಯದಲ್ಲ, ನಿಯಮ ಮತ್ತೊಮ್ಮೆ ಸಡಿಲಿಸಿ. ಚೈತನ್ಯ ತಮ್ಹಾಣೆಯವರ ಮರಾಠಿ 'ಕೋರ್ಟ್', 2014. ಅತ್ಯುತ್ತಮ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ವಯಸ್ಸಾದ ಜಾನಪದ ಕವಿಯೊಬ್ಬನ ಹಾಡು ಕೇಳಿ ಚರಂಡಿ ಕಾರ್ಮಿಕನೊಬ್ಬ ಆತ್ಮಹತ್ಯೆ ಮಾಡಿಕೊಂಡ ಎಂಬ ಆರೋಪ. ಅದರಲ್ಲಿ ಯಾರೂ ಕೂಗುವುದಿಲ್ಲ, ಯಾರೂ ಗೆಲ್ಲುವುದಿಲ್ಲ. ಸರ್ಕಾರಿ ವಕೀಲೆ ಕೋರ್ಟು ಮುಗಿಸಿ ಮಗುವನ್ನು ಕರೆದುಕೊಂಡು ಮನೆಗೆ ಹೋಗಿ ಅಡುಗೆ ಮಾಡುತ್ತಾಳೆ. ನಾನು ಟೈಪ್ ಮಾಡಿದ ಕೋರ್ಟು ಇದೇ. ಮೊದಲ ಸಲ ನೋಡುವಾಗ ಬೇಸರವಾದರೆ ನನ್ನನ್ನು ಬೈಯಬೇಡಿ, ಒಂದು ವರ್ಷ ಪ್ರಾಕ್ಟೀಸ್ ಮಾಡಿ ಮತ್ತೆ ನೋಡಿ.

ಅದರ ಕೊನೆಯಲ್ಲಿ ಬೇಸಿಗೆ ರಜೆ ಶುರುವಾಗುತ್ತದೆ. ಕೋರ್ಟು ಹಾಲಿನ ದೀಪ ಒಂದೊಂದಾಗಿ ಆರುತ್ತವೆ, ಪರದೆ ಕಪ್ಪಾಗುತ್ತದೆ. ಕವಿ ಜೈಲಿನಲ್ಲೇ ಇದ್ದಾನೆ. ಮುಂದಿನ ದೃಶ್ಯದಲ್ಲಿ ನ್ಯಾಯಾಧೀಶರು ಮನೆಯವರ ಜೊತೆ ಪ್ರವಾಸ ಹೋಗಿರುತ್ತಾರೆ, ಬೆಂಚಿನ ಮೇಲೆ ನಿದ್ದೆ ಹೋಗುತ್ತಾರೆ.

ಆದ್ದರಿಂದ ನನ್ನದೊಂದು ಕೋರಿಕೆ. ಶುಕ್ರವಾರ ಬಾಗಿಲು ಹಾಕುವ ಮೊದಲು ನಿಮ್ಮ ಕಕ್ಷಿದಾರರಿಗೆಲ್ಲ ರಜೆ ಕಳೆದ ಮೇಲಿನ ತಾರೀಖನ್ನು ಒಂದು ಚೀಟಿಯಲ್ಲಿ ಬರೆದುಕೊಡಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಬಾಯಲ್ಲಿ ಹೇಳಿದ್ದು ಅವರಿಗೆ ನೆನಪಿರುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಎರಡು ಬಸ್ಸು ಬದಲಿಸಿ ಬಂದು, ಬೀಗ ಹಾಕಿದ ಬಾಗಿಲ ಮುಂದೆ ಕೂತು ವಾಪಸು ಹೋದವರನ್ನು ನಾನು ಪ್ರತಿ ವರ್ಷ ನೋಡಿದ್ದೇನೆ.

ಇಂತಿ ನಿಮ್ಮವ,
ನಿವೃತ್ತ ಬೆರಳಚ್ಚುಗಾರ